ಬೆನ್ನ ಹಿಂದಿನ ನೀರು

ನಮ್ಮ ಓಣಿಯ ನಲ್ಲಿಗೆ ನೀರು ಬಂದ ದಿನ ಮನೆಯೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ. ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯ ನೀರು ಕೆರೆಗೆ ಬಂದು, ಕೆರೆಯಿಂದ ಟಾಕಿಗೆ ಏರಿ, ಅಲ್ಲಿಂದ ನಮ್ಮ ನಲ್ಲಿಗೆ ಇಳಿಯುವ ಹೊತ್ತಿಗೆ ನಾವು ಹೆಂಗಸರು ಒಲೆಯ ಮೇಲಿನ ಹಾಲನ್ನೂ ಮರೆತು ಕೊಡ ಹಿಡಿದು ಓಡುತ್ತೇವೆ. ಮೊನ್ನೆ ಅತ್ತೆಯ ಮೈ ಒರೆಸಲೆಂದು ಬಕೆಟ್ಟಿಗೆ ನೀರು ಹಿಡಿಯುತ್ತಿದ್ದೆ. ಅವತ್ತು ಪುಡಿ ತುಸು ಧಾರಾಳವಾಗಿಯೇ ಬಿದ್ದಿತ್ತೇನೋ, ವಾಸನೆ ಮೂಗಿಗೆ ಅಡರಿತು. ಬಕೆಟ್ಟು ತುಂಬಿ ಹರಿಯುತ್ತಿದ್ದರೂ ನನಗೆ ಖಬರಿಲ್ಲ. ಒಳಗಿನಿಂದ ಅತ್ತೆ, "ನೀರು ಹರದು ಹೋಗಾಕತ್ತೈತಿ, ಎಲ್ಲಿ ಹೋಗೀಯವಾ?" ಎಂದು ಕೂಗಿದರು. ಎಲ್ಲಿಗೆ ಹೋಗಿದ್ದೆ ಎಂಬುದನ್ನು ನಿಮಗೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಅತ್ತೆ ಎಲ್ಲಿ ಕೂತಿದ್ದರು ಎಂಬುದನ್ನು ಹೇಳಬೇಕು.

ಅತ್ತೆ ಖುರ್ಚಿಯಲ್ಲಿ ಕೂತಿದ್ದರು. ದವಾಖಾನೆಯಿಂದ ಬಂದಾಗಿನಿಂದ ಅವರಿಗೆ ರಾತ್ರಿಯ ಹಾಸಿಗೆಯೂ ಆ ಖುರ್ಚಿಯೇ. ಬಚ್ಚಲಲ್ಲಿ ಕಾಲು ಜಾರಿ ಹಿಂದಕ್ಕೆ ಬಿದ್ದು ಚಪ್ಪೆಯ, ಅಂದರೆ ಸೊಂಟದ ಕೀಲಿನ, ಎಲುಬು ಮುರಿದಿತ್ತು. ಡಾಕ್ಟರು ಒಳಗೆ ರಾಡು ಹಾಕಿ, ಎಲುಬು ಕೂಡಿದೆ, ವಾಕರ್ ಹಿಡಿದು ಅಡ್ಡಾಡಲಿ ಎಂದರು. ಅಡ್ಡಾಡುತ್ತಾರೆ. ಉಣ್ಣುತ್ತಾರೆ, ಓಣಿಯ ಸುದ್ದಿ ಕೇಳುತ್ತಾರೆ, ನನ್ನ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ಮಲಗುವುದೊಂದೇ ಆಗುತ್ತಿಲ್ಲ. ಮಂಚದ ಮೇಲೆ ಕೂರಿಸಿ ಬೆನ್ನನ್ನು ತುಸು ಹಿಂದಕ್ಕೆ ವಾಲಿಸಿದರೆ ಸಾಕು, ಕಣ್ಣು ಅಗಲವಾಗಿ, ಎರಡೂ ಕೈಯಿಂದ ಮಂಚದ ಅಂಚು ಹಿಡಿದು, "ಬಿದ್ನೆವ್ವಾ" ಎಂದು ಎದ್ದು ಕೂಡುತ್ತಾರೆ. ಮೈ ಬಚ್ಚಲಿನಿಂದ ಎದ್ದು ಬಂದಿತ್ತು, ಜೀವ ಇನ್ನೂ ಅಲ್ಲೇ ಬೀಳುತ್ತಿತ್ತು. ಖುರ್ಚಿಯಲ್ಲೇ ತೂಕಡಿಸಿ ತೂಕಡಿಸಿ ಕಾಲು ಬಾತಿದ್ದವು. ಹೀಗೇ ಬಿಟ್ಟರೆ ಚೊಲೋ ಅಲ್ಲ, ಬೆನ್ನು ಚಾಚಿ ಮಲಗಲೇಬೇಕು ಎಂದು ಡಾಕ್ಟರು ಗಟ್ಟಿಸಿ ಹೇಳಿದ್ದರು.

ನಾವೇನು ಸುಮ್ಮನೆ ಕೂತಿರಲಿಲ್ಲ. ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಏರಿ ಇಳಿಯುವ ದವಾಖಾನೆಯ ಮಂಚವನ್ನೇ ಬಾಡಿಗೆಗೆ ತಂದೆವು. ಅತ್ತೆ ಅದರ ಮೇಲೆ ಒಮ್ಮೆ ಕೂತು, "ಇದು ಮಂಚ ಅಲ್ಲ, ಟ್ರ್ಯಾಕ್ಟರ್ ಟ್ರಾಲಿ. ಎತ್ತಿ ಒಗೀತೈತಿ ನನ್ನ" ಎಂದು ಇಳಿದುಬಿಟ್ಟರು. ಒಂದು ದಿನ ನಮ್ಮವರು, ಅಂದರೆ ಅವರ ಮಗ, ತಾಳ್ಮೆ ಕಳೆದುಕೊಂಡು ಇನ್ನೊಬ್ಬರನ್ನು ಕರೆದು ತಾಯಿಯನ್ನು ಅನಾಮತ್ತಾಗಿ ಎತ್ತಿ ಮಲಗಿಸಿದರು. ಅತ್ತೆ ಕಿರುಚಲಿಲ್ಲ. ಸಂಜೆಯವರೆಗೆ ಅಳುತ್ತಿದ್ದರು. "ಹಂಗ ಇನ್ನೊಮ್ಮೆ ಮಾಡಬ್ಯಾಡ್ರಪಾ, ನಾ ಸಾಮಾನಲ್ಲ" ಎಂದರು. ಅವತ್ತಿನಿಂದ ನಮ್ಮವರು ತಾಯಿಯ ಎದುರು ಬರಲೂ ಹಿಂಜರಿಯುತ್ತಿದ್ದರು. ತಾವಾಗಿಯೇ ಅತ್ತೆ ಬೆನ್ನು ಹಿಂದಕ್ಕೆ ಬಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಇಷ್ಟೇ ನಮ್ಮ ಮನೆಯ ಆಗಿನ ದೊಡ್ಡ ಪ್ರಶ್ನೆಯಾಗಿತ್ತು.

ಈಗ ವಾಸನೆಗೆ ಬರುತ್ತೇನೆ. ಆ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ಇದೇ ಪುಡಿ ಹಾಕುತ್ತಿದ್ದ ಮಸ್ಕಿ ರಸ್ತೆಯ ಈಜುಕೊಳಕ್ಕೆ. ಆಗ ನನಗಿನ್ನೂ ಐವತ್ತು ತುಂಬಿರಲಿಲ್ಲ, ಆದರೆ ಮೊಳಕಾಲಿಗೆ ತುಂಬಿತ್ತು. ಹೊಸ್ತಿಲು ದಾಟಿದರೆ ಕಟ್ ಎನ್ನುವುದು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಲಿಂಗಸುಗೂರಿನಲ್ಲಿ ಎಲುಬಿನ ಡಾಕ್ಟರೊಬ್ಬರ ಕೈಗುಣ ಚೆನ್ನಾಗಿದೆ ಎಂದು ಯಾರೋ ಹೇಳಿದ್ದಕ್ಕೆ ಅತ್ತೆಯೂ ನಾನೂ ಬಸ್ಸು ಹತ್ತಿ ಹೋದೆವು. ಆ ಪುಣ್ಯಾತ್ಮ ಗುಳಿಗೆ ಬರೆಯುವ ಬದಲು, "ಈಜ್ರಿ. ನೀರಾಗ ಮೊಳಕಾಲಿಗೆ ಭಾರ ಬೀಳಂಗಿಲ್ಲ" ಎಂದುಬಿಟ್ಟರು. ವಾಪಸ್ಸು ಬರುವಾಗ ಮಸ್ಕಿಯ ಗುಡ್ಡ ಕಾಣುವವರೆಗೂ ನಾನು ನಕ್ಕಿದ್ದೇ ನಕ್ಕಿದ್ದು. ಮಸ್ಕಿ ನನ್ನ ತವರು. ಅಲ್ಲಿ ನಾನು ನೀರಿಗಿಳಿದದ್ದೆಂದರೆ ಹಳ್ಳ ದಾಟುವಾಗ ಪಾದ ತೋಯಿಸಿಕೊಂಡದ್ದು ಮಾತ್ರ. ಅತ್ತೆ ನಗಲಿಲ್ಲ. "ಓದಿದವರು ಹೇಳ್ಯಾರಂದ್ರ ಹೋಗಬೇಕು" ಎಂದರು.

ಈಜುಕೊಳ ಹೊಸದಾಗಿ ಆಗಿತ್ತು. ಅಕ್ಕಿ ಮಿಲ್ಲಿನ ಮಾಲೀಕರೊಬ್ಬರು ಮಿಲ್ಲಿನ ಮಗ್ಗುಲಿಗೆ ಉಳಿದ ಜಾಗದಲ್ಲಿ ಕಟ್ಟಿಸಿದ್ದರು. ಗಾಳಿ ಈ ಕಡೆ ತಿರುಗಿದರೆ ತೌಡಿನ ಧೂಳು ಬಂದು ನೀರಿನ ಮೇಲೆ ಕೂಡುತ್ತಿತ್ತು. ನಾವು ಅದನ್ನು ಕೈಯಿಂದ ಆಚೆ ಸರಿಸಿ ಮುಳುಗುತ್ತಿದ್ದೆವು. ಹೆಂಗಸರ ಬ್ಯಾಚು ನಡುಮಧ್ಯಾಹ್ನ. ನಮ್ಮೂರ ಬಿಸಿಲು ನಿಮಗೆ ಗೊತ್ತಿರಬಹುದು, ಅಂಥ ಹೊತ್ತಿನಲ್ಲಿ ನಾಯಿ ಕೂಡ ಲಾರಿಯ ಕೆಳಗಿನಿಂದ ಈಚೆ ಬರುವುದಿಲ್ಲ. ಮುಂಜಾನೆ ಸಂಜೆಯ ತಂಪು ಗಂಡಸರಿಗೆ, ಉರಿ ಹೆಂಗಸರಿಗೆ. ಇದನ್ನು ಯಾರು ಗೊತ್ತು ಮಾಡಿದರೆಂದು ನಾವು ಕೇಳಲೂ ಇಲ್ಲ, ಬ್ಯಾಚು ಮಾಡಿದ್ದೇ ದೊಡ್ಡದು ಎಂದುಕೊಂಡು ಹೋದೆವು.

ನನ್ನ ಉಡುಪು ಹೀಗಿತ್ತು. ಕೆಳಗೆ ಲೆಗ್ಗಿಂಗ್ಸು, ಮೇಲೆ ನಮ್ಮವರ ತುಂಬುತೋಳಿನ ಟೀಶರ್ಟು, ತಲೆಗೆ ರಬ್ಬರಿನ ಟೊಪ್ಪಿಗೆ. ಕನ್ನಡಿಯಲ್ಲಿ ನೋಡಿಕೊಂಡವಳು ಮತ್ತೆ ನೋಡಿಕೊಳ್ಳಲಿಲ್ಲ. ಅತ್ತೆ ದಿನವೂ ಜೊತೆಗೆ ಬರುತ್ತಿದ್ದರು. ಕೊಳದ ಪಕ್ಕದ ಬೇವಿನ ಗಿಡದ ಕೆಳಗೆ ಕೊಡೆ ಬಿಡಿಸಿ ಕೂಡುತ್ತಿದ್ದರು. ಹೊರಗಿನವರಿಗೆ, ಸೊಸೆಗೆ ಜೋಡು ಬರುತ್ತೇನೆ ಎಂದು ಹೇಳುತ್ತಿದ್ದರು. ಒಳಗಿನ ಮಾತು ಬೇರೆ. ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಕೂಸು ಹುಟ್ಟಿದಾಗ ಕೊರಳಿಗೆ ಬಂದ ಲಿಂಗ ಉಣ್ಣುವಾಗ, ಮಲಗುವಾಗ, ಎಣ್ಣೆ ಹಚ್ಚಿ ಎರೆದುಕೊಳ್ಳುವಾಗ ಕೂಡ ಮೈಬಿಟ್ಟು ಇಳಿಯುವುದಿಲ್ಲ. ಅದು ಕಳೆದರೆ ಜೀವ ಕಳೆದಂತೆ ಎಂದು ಹಿರಿಯರು ಹೇಳಿ ಹೇಳಿ ನಮ್ಮ ಎದೆಯಲ್ಲಿ ಕೂರಿಸಿದ್ದಾರೆ. ಸೊಸೆಯ ಕೊರಳಿನ ದಾರ ನೀರಿನಲ್ಲಿ ಬಿಚ್ಚಿದರೆ ಏನು ಗತಿ ಎಂಬುದು ಅತ್ತೆಯ ಕಾವಲಿನ ನಿಜವಾದ ಕಾರಣವಾಗಿತ್ತು.

ಕಲಿಸುವವಳು ಶೆಫಾಲಿ. ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹುಡುಗಿ, ಮೂವತ್ತರ ಆಸುಪಾಸು. ಅವರ ಮನೆಯ ಹಿಂದೆ ಮೀನಿನ ಹೊಂಡವಿತ್ತಂತೆ, ನಡೆಯುವುದಕ್ಕೂ ಮೊದಲು ಈಜಿದೆ ಎನ್ನುತ್ತಿದ್ದಳು. ದೂರದ ಊರಿಗೆ ಹೋಗಿ ತರಬೇತಿ ಮುಗಿಸಿ ಬಂದಿದ್ದಳು, ಅದನ್ನು ದಿನಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಹಾಕುತ್ತಿದ್ದಳು. ನಮ್ಮಲ್ಲಿ ಬಹಳ ಮಂದಿಗಿಂತ ಸಣ್ಣವಳಾದರೂ ಕೊರಳಲ್ಲಿ ಸೀಟಿ ಇದ್ದುದರಿಂದ ಎಲ್ಲರೂ ಶೆಫಾಲಕ್ಕ ಎನ್ನುತ್ತಿದ್ದೆವು. ಬಾಯಿ ಬಹಳ ಜೋರು. ಮೊದಲ ದಿನ ನಾನು ನೀರಿನಲ್ಲಿ ತಲೆ ತಗ್ಗಿಸಿ ನಿಂತದ್ದನ್ನು ಕಂಡು, "ಯಕ್ಕಾ, ನೀರು ನಿಮ್ಮ ಮಾವ ಅಲ್ರಿ, ಅದರ ಮುಂದ ಹಂಗ್ಯಾಕ ನಿಂತೀರಿ?" ಎಂದಳು. ಬ್ಯಾಚೆಲ್ಲ ನಕ್ಕಿತು. ಬೇವಿನ ಕೆಳಗಿನಿಂದ ಅತ್ತೆಯ ನಗುವೂ ಕೇಳಿಸಿತು.

ಹೇಗೋ ಈಜು ಬಂತು. ಮೊಳಕಾಲಿನ ಕಟ್ ಕಟ್ ಕಡಿಮೆಯಾಯಿತು. ನಾನು ಅಷ್ಟಕ್ಕೇ ನಿಲ್ಲಿಸುವವಳಿದ್ದೆ. ಶೆಫಾಲಿ ಬಿಡಲಿಲ್ಲ. ಒಂದು ಮಧ್ಯಾಹ್ನ ನಮ್ಮನ್ನೆಲ್ಲ ದಂಡೆಯ ಮೇಲೆ ಸಾಲಾಗಿ, ನೀರಿಗೆ ಬೆನ್ನು ಮಾಡಿ ನಿಲ್ಲಿಸಿದಳು. "ನಮ್ಮ ಕಡಿ ಹೆಂಗಸರು ನೀರಿಗೆ ಎಲ್ಲಿ ಬೀಳ್ತಾರ? ಕಾಲುವ್ಯಾಗ. ಬಟ್ಟಿ ಒಗದು ಏಳೋ ಮುಂದ ಪಾಚಿ ಮ್ಯಾಲೆ ಕಾಲ ಜಾರತೈತಿ, ಹಿಂದಕ್ಕ ಹೋಗ್ತಾರ. ಮುಂದ ಬೀಳೋ ಮನಶ್ಯಾಗ ಕೈ ತಾನ ಮುಂದ ಬರತಾವು. ಹಿಂದ ಬೀಳಾಕ ಯಾರೂ ತಯಾರಿರಂಗಿಲ್ಲ. ನನ್ನ ಬ್ಯಾಚಿನಾಗ ಕಲ್ತವರು ತಯಾರಿರಬೇಕು" ಎಂದಳು. ಅದಕ್ಕವಳು ಇಂಗ್ಲಿಷಿನಲ್ಲಿ ಬ್ಯಾಕ್ ಡೈವ್ ಎಂದಳು. ನಾವು ಹಿಂದ ಬೀಳೋದು ಎಂದೆವು. ಆ ಹೆಸರೇ ನಿಂತಿತು.

ಹಿಂದಕ್ಕೆ ಬೀಳುವುದರಲ್ಲಿ ಕಲಿಯುವುದೇನಿದೆ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಶೆಫಾಲಿಯದು ಕಟ್ಟುನಿಟ್ಟು. ಆಳವಿರುವ ಕಡೆಯೇ ಬೀಳಬೇಕು. ಅದಕ್ಕೂ ಮೊದಲು ಆಕೆಯೇ ಇಳಿದು, ಕೆಳಗೆ ಯಾರೂ ಇಲ್ಲವೆಂದು ನೋಡಿ ಬರುತ್ತಿದ್ದಳು. ಮೊದಲು ದಂಡೆಯ ಮೇಲೆ ಕೂತು ಬೀಳುವುದು, ಆಮೇಲೆ ಕುಕ್ಕರಗಾಲಿನಲ್ಲಿ, ಕಡೆಗೆ ನಿಂತು. ಎರಡೂ ಕೈ ತಲೆಯ ಮೇಲೆ ನೀಡಿ, ಬೆರಳಿಗೆ ಬೆರಳು ಹೆಣೆದು, ತೋಳು ಕಿವಿಗೆ ಒತ್ತಿರಬೇಕು. ಗದ್ದ ಮೇಲೆತ್ತಿ ಮೊದಲು ಆಕಾಶ, ಆಮೇಲೆ ಹಿಂದಿನ ನೀರು ನೋಡಬೇಕು. ನಡುವನ್ನು ನೀರಿನ ಕಡೆ ಒತ್ತಿ ದಂಡೆಯಿಂದ ದೂರ ಹೋಗಬೇಕು, ಇಲ್ಲವಾದರೆ ತಲೆ ದಂಡೆಗೇ ಬಡಿಯುತ್ತದೆ. ಮೂಗಿನಿಂದ ಉಸಿರು ಬಿಡುತ್ತಿರಬೇಕು. ಕಲಿಯುವ ತನಕ ಒಬ್ಬರು ಪಕ್ಕದಲ್ಲಿ ಮೊಳಕಾಲೂರಿ, ಒಂದು ಕೈ ನಡುವಿಗೆ, ಇನ್ನೊಂದು ತೊಡೆಯ ಹಿಂದೆ ಇಟ್ಟು, ಬೀಳುವವರನ್ನು ನೀರಿನ ತನಕ ಒಯ್ದು ಬಿಡಬೇಕು.

ಮೊದಲ ದಿನ ಬ್ಯಾಚಿನ ಉಳಿದ ಹೆಂಗಸರೆಲ್ಲ ಒಂದೇ ತಪ್ಪು ಮಾಡಿದರು. ಕೈ ಮೇಲೆತ್ತಿ ನಿಲ್ಲುತ್ತಿದ್ದರು, ಸೀಟಿ ಊದಿದ ಕೂಡಲೇ ಆ ಕೈ ಸರಕ್ಕನೆ ಇಳಿದು ಅಂಗಿಯ ಚುಂಗು ಹಿಡಿದು ಕೆಳಗೆ ಜಗ್ಗುತ್ತಿದ್ದವು. ಹುಟ್ಟಿದಾಗಿನಿಂದ ಸೆರಗು ಸರಿಮಾಡಿಕೊಂಡ ಕೈ, ಅವುಗಳಿಗೆ ಬೇರೆ ಏನು ಗೊತ್ತು. ಶೆಫಾಲಿ ತಲೆ ಚಚ್ಚಿಕೊಂಡು, ಅಂಗಿಯ ಚುಂಗನ್ನೆಲ್ಲ ಲೆಗ್ಗಿಂಗ್ಸಿನೊಳಗೆ ಸಿಕ್ಕಿಸಿ ಲಾಡಿ ಬಿಗಿಸಿದಳು. ಅಲ್ಲಿಗೆ ಉಳಿದವರ ಸಮಸ್ಯೆ ಮುಗಿಯಿತು.

ನನ್ನದು ಮುಗಿಯಲಿಲ್ಲ. ನನ್ನ ಬಲಗೈ ಚುಂಗಿಗೆ ಹೋಗುತ್ತಿರಲಿಲ್ಲ, ಎದೆಗೆ ಹೋಗುತ್ತಿತ್ತು. ಮೈ ಹಿಂದಕ್ಕೆ ವಾಲಿದ ಗಳಿಗೆಗೆ ಕೈ ಕೆಳಗಿಳಿದು ಅಂಗಿಯ ಮೇಲಿನಿಂದಲೇ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಿತ್ತು. ಒಂದು ಕೈ ಮೇಲೆ, ಒಂದು ಕೈ ಎದೆಯ ಮೇಲೆ, ನಡು ಕುಸಿದು, ಬೆನ್ನು ಚಪ್ಪಟೆ. ನೀರು ಅಷ್ಟು ಗಟ್ಟಿ ಇರುತ್ತದೆಂದು ಅವತ್ತು ಗೊತ್ತಾಯಿತು. ರಪ್ಪೆಂದ ಸದ್ದಿಗೆ ಮಿಲ್ಲಿನ ಹಮಾಲರು ಗೋಡೆಯಾಚೆಯಿಂದ, "ಏನ್ ಬಿತ್ರಿ?" ಎಂದು ಕೇಳಿದರು. "ನಮ್ಮ ಸೊಸಿ" ಎಂದು ಅತ್ತೆ ಕೊಡೆಯ ಕೆಳಗಿನಿಂದ ಉತ್ತರ ಕೊಟ್ಟರು. ಮನೆಗೆ ಬಂದು ಬೆನ್ನಿಗೆ ಕೊಬ್ಬರಿ ಎಣ್ಣೆ ಸವರುವಾಗ ಮಾತ್ರ ಅವರ ಕೈ ಬಹಳ ಮೆತ್ತಗಿತ್ತು.

ಮತ್ತೆ ಮತ್ತೆ ಅದೇ ಆಯಿತು. ಕಡೆಗೆ ಶೆಫಾಲಿ ನನ್ನನ್ನು ದಂಡೆಯಿಂದ ಆಚೆ ನಿಲ್ಲಿಸಿದಳು. "ಕೈ ಮ್ಯಾಲಿಲ್ಲಂದ್ರ ತಲಿಗಿ ಕಾವಲಿಲ್ರಿ ಯಕ್ಕಾ. ಇವತ್ತು ಬೆನ್ನಿಗಿ ಹತ್ತೈತಿ, ನಾಳೆ ಕುತ್ತಿಗಿಗಿ ಹತ್ತತೈತಿ. ನಾ ಬಿಡಂಗಿಲ್ಲ" ಎಂದಳು. ನನಗೆ ಅವಮಾನವಾಯಿತು. ನಿಜ ಹೇಳಬೇಕೆಂದರೆ ಖುಷಿಯೂ ಆಯಿತು, ಇನ್ನು ಬೀಳಬೇಕಾಗಿಲ್ಲವಲ್ಲ. ಆದರೆ ಅತ್ತೆಗೆ ಜಿದ್ದು ಹತ್ತಿತು. ಕೊಡೆ ಮಡಚಿ ಎದ್ದು ಬಂದು, "ಆಕಿ ಕೈ ಯಾಕ ಇಳಿತೈತಿ ಅಂತ ನನಗ ಗೊತ್ತೈತಿ. ನಾಳೆ ಆಕಿ ಕೈ ಇಳಿಯಂಗಿಲ್ಲ" ಎಂದು ಶೆಫಾಲಿಗೆ ಮಾತು ಕೊಟ್ಟುಬಿಟ್ಟರು.

ಮರುದಿನ ದೇವರ ಮನೆಯಲ್ಲಿ ನನ್ನನ್ನು ಕೂರಿಸಿಕೊಂಡು, ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ನನ್ನ ಎಡರಟ್ಟೆಗೆ ಬಿಗಿಯಾಗಿ ಕಟ್ಟಿದರು. "ನಮ್ಮಪ್ಪ ಬಾವ್ಯಾಗ ಈಸಾಕ ಇಳಿಯೋ ಮುಂದ ಹಿಂಗ ಕಟ್ಕೋತಿದ್ದ. ಮೈ ಮ್ಯಾಲಿದ್ರ ಆತು, ಕೊರಳಾಗ ಇರಬೇಕಂತೇನಿಲ್ಲ" ಎಂದರು. ನಾನು ನಿಶ್ಚಿಂತೆಯಾಗಿ ದಂಡೆಗೆ ಹೋದೆ. ಶೆಫಾಲಿ ನಡುವಿಗೆ ಕೈಯಿಟ್ಟಳು. ಸೀಟಿ ಊದಿದಳು. ನನ್ನ ಬಲಗೈ ಅದೇ ವೇಗದಲ್ಲಿ ಇಳಿದು ಬಂದು, ಈ ಸಲ ಎಡರಟ್ಟೆಯನ್ನು ಹಿಡಿದುಕೊಂಡಿತು. ಬ್ಯಾಚಿನವರೆಲ್ಲ ನಕ್ಕು ನಕ್ಕು ನೀರು ಕುಡಿದರು. ಅತ್ತೆ ಒಬ್ಬರೇ ನಗಲಿಲ್ಲ, ನನ್ನ ಕೈಯನ್ನೇ ನೋಡಿದರು.

ಅವತ್ತು ಸಂಜೆ ಪೂಜೆ ಮುಗಿಸಿ ಏಳುವಾಗ ಅತ್ತೆ, "ನೀ ಲಿಂಗ ಹಿಡಕೋಳಾಕತ್ತಿಲ್ಲ. ಸಿಕ್ಕದ್ದು ಹಿಡಕೋಳಾಕತ್ತೀ. ಹಿಡಕೊಳ್ಳೋದು ಅವನ ಕೆಲಸ, ನಿಂದಲ್ಲ" ಎಂದರು. ಭಕ್ತಿಯ ಮಾತು ಹೇಳಿದವರು ಮರುಗಳಿಗೆಗೆ, "ನಾಳೆ ಮುಕ್ಕುಂದಕ್ಕ ಹೋಗೂಣು. ಪುಂಡಿಪಲ್ಯ ಭಾಳ ಬಂದೈತಂತ" ಎಂದರು. ಮುಕ್ಕುಂದದಲ್ಲಿ ನಮ್ಮದೊಂದಿಷ್ಟು ಗದ್ದೆ ಇದೆ. ಒಂದು ಹಿಡಿ ಹುಳಿಸೊಪ್ಪಿಗೆ ಅಷ್ಟು ದೂರ ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಭ್ಯಾಸವೇ ನನಗಿರಲಿಲ್ಲ.

ಮುಕ್ಕುಂದದಲ್ಲಿ ಕೊಯ್ಲು ಮುಗಿದಿತ್ತು. ಗದ್ದೆಯ ಮೂಲೆಯಲ್ಲಿ ಭತ್ತದ ಹುಲ್ಲನ್ನು ಎದೆಯೆತ್ತರ ಒಟ್ಟಿದ್ದರು, ಇನ್ನೂ ಬಣವೆ ಕಟ್ಟಿರಲಿಲ್ಲ. ಅತ್ತೆ ಅದರ ಒಂದು ಕಡೆಯನ್ನು ಎಳೆದೆಳೆದು ಮೆತ್ತಗೆ ಹಾಸಿ, ನನ್ನನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿದರು. ತಾವು ಪಕ್ಕದಲ್ಲಿ ನಿಂತು ನನ್ನ ನಡುವಿಗೆ ಕೈಯಿಟ್ಟರು. "ಬೀಳು" ಎಂದರು. ನಾನು ನೋಡಿದೆ. ಅತ್ತೆ ಆಗಲೂ ಒಣಕಲು ಜೀವ, ನಾನು ಅವರ ಎರಡರಷ್ಟು. "ಅತ್ತಿ, ನಿಮ್ಮ ಕೈಲಿ ಆಗಂಗಿಲ್ಲ ಬಿಡ್ರಿ" ಎಂದೆ. "ಆಗತೈತೋ ಇಲ್ಲೋ ನನ್ನ ಕೈ ಹೇಳಬೇಕು, ನೀ ಹೇಳಬ್ಯಾಡ" ಎಂದರು.

ಬಿದ್ದೆ. ಅಂದರೆ ಬಿದ್ದಂತೆ ಮಾಡಿದೆ. ಮೊಳಕಾಲು ಮಡಚಿ ಹುಲ್ಲಿನ ಮೇಲೆ ಕೂತೆ. ಮತ್ತೆ ನಿಲ್ಲಿಸಿದರು, ಮತ್ತೆ ಕೂತೆ. ಪಕ್ಕದ ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಣ್ಣುಮಗಳೊಬ್ಬಳು ಕುಡುಗೋಲು ಕೈಯಲ್ಲಿ ಹಿಡಿದು ನಿಂತು, ಈ ಅತ್ತೆ ಸೊಸೆಗೆ ಏನಾಗಿದೆ ಎಂದು ನೋಡತೊಡಗಿದಳು. ಕಡೆಗೆ ಅತ್ತೆ ನನ್ನ ನಡುವಿನಿಂದ ಕೈ ತೆಗೆದು ಎದುರಿಗೆ ಬಂದು ನಿಂತರು.

"ನೀ ನನ್ನ ಮ್ಯಾಲೆ ಭಾರ ಹಾಕವಲ್ಲಿ" ಎಂದರು.

"ಹಾಕೀನ್ರಿ."

"ಹಾಕಿಲ್ಲ. ಇವತ್ತಿನ ಮಾತಲ್ಲ ಇದು. ಈ ಮನಿಗಿ ಬಂದಾಗಿಂದ ಒಂದ ದಿನ, ಅತ್ತಿ, ಇದೊಂದಿಷ್ಟು ನೋಡ್ರಿ ಅಂದಿಲ್ಲ ನೀ. ಜ್ವರ ಬಂದ್ರ ಗೋಡಿ ಕಡಿ ಮಾರಿ ಮಾಡಿ ಮಲಗಿ, ಎದ್ದು ರೊಟ್ಟಿ ಬಡದಿ. ಕೂಸಿನ ಬಾಣಂತನಕ್ಕ ಮಸ್ಕಿಗಿ ಹೋದಿ, ನನ್ನ ಕರೀಲಿಲ್ಲ. ನಾ ಬೇವಿನ ಗಿಡದ ಕೆಳಗ ಕೂತಂಗ ಕೂತೇ ಬಿಟ್ಟೀನಿ, ಇಷ್ಟು ವರ್ಷ."

ತವರಿನಲ್ಲಿ ನನ್ನ ಬೆನ್ನಿಗೆ ತಂಗಿಯರ ಸಾಲೇ ಇತ್ತು. ಕೇಳದೆ ಮಾಡುವುದು, ಹೇಳದೆ ಸಹಿಸುವುದು, ಯಾರಿಗೂ ಭಾರವಾಗದೆ ಇರುವುದು, ಇದನ್ನೇ ಒಳ್ಳೆಯತನವೆಂದು ಕಲಿಸಿ ಕಳಿಸಿದ್ದರು. ಗಂಡನ ಮನೆಯಲ್ಲೂ ಅದನ್ನೇ ಮಾಡಿದೆ. ಎಂಥ ಸೊಸೆ ಎಂದು ಓಣಿಯವರು ಹೊಗಳಿದಾಗ ಹಿಗ್ಗಿದೆ ಕೂಡ. ಆ ಒಳ್ಳೆಯತನದ ಆಚೆ ಕಡೆ ಒಬ್ಬ ಮುದುಕಿ ತನ್ನ ಕೈಗೆ ಕೆಲಸವಿಲ್ಲವೆಂದು ನೊಂದು ಕೂತಿದ್ದಾಳೆಂದು ನನಗೆ ಹೊಳೆದೇ ಇರಲಿಲ್ಲ. ಹುಲ್ಲಿನ ಮುಂದೆ ನಿಂತು ನನಗೆ ಅಳು ಬಂತು. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, "ಅಳೋದು ಆಮ್ಯಾಲೆ. ಬಿಸಲೇರತೈತಿ. ಮೊದಲ ಬೀಳು" ಎಂದರು.

ಆ ಸಲ ಬಿದ್ದೆ. ಕೈ ಮೇಲೆತ್ತಿ, ಗದ್ದವೆತ್ತಿ, ಆ ಒಣಕಲು ಕೈಗಳ ಮೇಲೆ ನನ್ನ ಅಷ್ಟೂ ಭಾರವನ್ನು ಬಿಟ್ಟೆ. ಅವು ಹಿಡಿದವು. ಖರೇ ಹೇಳುತ್ತೇನೆ, ಒಂದು ಗಳಿಗೆ ಪೂರ್ತಿ ಹಿಡಿದವು. ಆಮೇಲೆ ನಾನೂ ಅತ್ತೆಯೂ ಕೂಡಿಯೇ ಹುಲ್ಲಿಗೆ ಬಿದ್ದೆವು. ಮೂಗಿನಲ್ಲಿ, ಬಾಯಲ್ಲಿ, ಅತ್ತೆಯ ತುರುಬಿನಲ್ಲಿ ಎಲ್ಲ ಹುಲ್ಲು. ಬದುವಿನ ಹೆಣ್ಣುಮಗಳು ಗಾಬರಿಯಿಂದ ಓಡಿ ಬಂದು ನೋಡಿದರೆ ಇಬ್ಬರೂ ಮಲಗಿಕೊಂಡೇ ನಗುತ್ತಿದ್ದೇವೆ. ಆಕೆಗೆ ಏನನ್ನಿಸಿತೋ, ಕುಡುಗೋಲು ಹಿಡಿದು ವಾಪಸ್ಸು ಹೋದಳು. ಪುಂಡಿಪಲ್ಯ ತರುವುದನ್ನು ಇಬ್ಬರೂ ಮರೆತೆವು.

ಮುಂದಿನದು ಸಣ್ಣ ಕಥೆ. ಕೊಳದಲ್ಲಿ ಶೆಫಾಲಿ ನನ್ನನ್ನು ಕೂತು ಬೀಳುವುದರಿಂದಲೇ ಮತ್ತೆ ಶುರುಮಾಡಿಸಿದಳು, ಒಂದು ಮೆಟ್ಟಿಲನ್ನೂ ಬಿಡಲಿಲ್ಲ. ಅವಳ ಕೈಯ ಮೇಲೆ ಭಾರ ಹಾಕುವುದು ಈಗ ಕಷ್ಟವೆನಿಸಲಿಲ್ಲ. ನಿಂತು ಬಿದ್ದ ದಿನ ಮಿಲ್ಲಿನ ಚಿಮಣಿ ತಲೆಕೆಳಗಾಗಿ ನನ್ನ ಹಿಂದಕ್ಕೆ ಹೋಯಿತು, ಬೆರಳಿನ ತುದಿಗೆ ನೀರು ತಾಗಿತು, ಆಮೇಲೆ ಸದ್ದೇ ಇಲ್ಲ. ಒಳಗೆ ತಣ್ಣಗೆ, ಹಸಿರು. ಮೇಲೆ ಬಂದು ಮೂಗು ಸೀಟಿಕೊಂಡು ನೋಡಿದರೆ ಅತ್ತೆ ಬಿಸಿಲಿನಲ್ಲಿ, ದಂಡೆಯ ತುದಿಯಲ್ಲೇ ನಿಂತಿದ್ದರು. "ಕೈ ಬರೋಬ್ಬರಿ ಇದ್ದವು" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಬಿರುದು.

ಅಂದಿನಿಂದ ನಮ್ಮ ಮನೆಯಲ್ಲಿ ಗದ್ದಲ ಹೆಚ್ಚಿತೆಂದೇ ಹೇಳಬೇಕು. ನಾನು ತಲೆನೋವು ಬಂದರೆ ಬಂತೆಂದೆ. ಅತ್ತೆ ರೊಟ್ಟಿ ಬಡಿದರು, ನನಗಿಂತ ತೆಳ್ಳಗೆ ಬಡಿದೆ ಎಂದು ಜಂಬ ಕೊಚ್ಚಿದರು. ನಾವು ಜಗಳವಾಡಿದೆವು, ಮೊದಲು ಆಡುತ್ತಲೇ ಇರಲಿಲ್ಲ. ಮೆಣಸಿನಕಾಯಿ ಒಣಹಾಕುವುದಕ್ಕೆ ಒಂದು ದಿನ ಮಾತು ಬಿಟ್ಟು, ಮರುದಿನ ಅದೇ ಮೆಣಸಿನಕಾಯಿಯ ಚಟ್ನಿ ಹಚ್ಚಿಕೊಂಡು ಒಂದೇ ತಾಟಿನಲ್ಲಿ ಉಂಡೆವು. ಶೆಫಾಲಿ ಮದುವೆಯಾಗಿ ಚಿನ್ನದ ಗಣಿಯ ಹಟ್ಟಿಗೆ ಹೋದಳು. ಆಕೆಯ ಗಂಡ ಗಣಿಯಲ್ಲಿ ಪಾಳಿಯ ಮೇಲೆ ಭೂಮಿಯೊಳಗೆ ಇಳಿಯುವವ, ಆಕೆ ಅಲ್ಲಿಯೂ ಯಾರನ್ನಾದರೂ ನೀರಿಗಿಳಿಸುತ್ತಿರಬೇಕು. ನಾನು ಕೊಳಕ್ಕೆ ಹೋಗುವುದನ್ನು ಬಿಟ್ಟು ಬಹಳ ದಿನವಾಯಿತು. ಬೀಳುವುದು ಮರೆತಿದೆ ಎಂದೇ ತಿಳಿದಿದ್ದೆ.

ಬಕೆಟ್ಟು ಒಳಗೆ ತಂದು ಅತ್ತೆಯ ಮೈ ಒರೆಸಿದೆ. ಬಾತ ಪಾದ ಒತ್ತಿದರೆ ಬೆರಳಿನ ಗುರುತು ಹಾಗೇ ನಿಲ್ಲುತ್ತಿತ್ತು. ನೋಡಲಾಗಲಿಲ್ಲ.

"ಅತ್ತಿ, ಮುಕ್ಕುಂದದಾಗ ಹುಲ್ಲಿನ ಮ್ಯಾಲೆ ಬಿದ್ದದ್ದು ನೆನಪೈತೇನ್ರಿ?" ಎಂದೆ.

"ಅದ್ಯಾಕ ಮರೀತೀನಿ. ಎರಡ ದಿನ ಸೀರ್ಯಾಗ ಹುಲ್ಲು ಚುಚ್ಚಿದವು."

"ನಾ ನಿಮ್ಮ ನಡಕ್ಕ ಕೈ ಇಡತೀನ್ರಿ. ನೀವು ನನ್ನ ಮ್ಯಾಲೆ ಭಾರ ಹಾಕ್ರಿ."

ಅತ್ತೆ ಮಂಚವನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, "ಮೊದಲ ನೀ ಬಿದ್ದು ತೋರಸು" ಎಂದರು.

ಚೇಷ್ಟೆ ಮಾಡುತ್ತಿದ್ದಾರೆಂದುಕೊಂಡೆ. ಮುಖ ನೋಡಿದರೆ ಚೇಷ್ಟೆ ಇಲ್ಲ. ನಾನು ಸೀರೆಯ ನೆರಿಗೆ ಸಿಕ್ಕಿಸಿ, ಮಂಚಕ್ಕೆ ಬೆನ್ನು ಮಾಡಿ ನಿಂತು, ಕೈ ತಲೆಯ ಮೇಲೆ ನೀಡಿ ಹೆಣೆದುಕೊಂಡೆ. ಈ ವಯಸ್ಸಿನಲ್ಲಿ, ಈ ಮೈ ಹೊತ್ತು, ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿರುವಾಗ ಇದನ್ನು ಮಾಡುವವಳು ಈ ಓಣಿಯಲ್ಲಿ ನಾನೊಬ್ಬಳೇ ಎಂದುಕೊಂಡು ಹಿಂದಕ್ಕೆ ಬಿದ್ದೆ. ಬಾಡಿಗೆಯ ಮಂಚ ಕಿರ್ರೆಂದು ಗೋಡೆಗೆ ಗುದ್ದಿತು. ಮನೆಯ ಮುಂದಿನ ಕೋಣೆಯಲ್ಲಿರುವ ನಮ್ಮ ಅಂಗಡಿಯಿಂದ ನಮ್ಮವರು, "ಏನಾತು? ಏನ್ ಬಿತ್ತು?" ಎಂದು ಕೂಗಿದರು.

"ಏನಿಲ್ಲಪಾ, ನಿನ್ನ ಹೇಂತಿ ಬಿದ್ದಾಳ. ನೀ ಗಿರಾಕಿ ನೋಡು" ಎಂದು ಅತ್ತೆ ಕೂಗಿ, ನನ್ನ ಕಡೆ ತಿರುಗಿ, "ಗದ್ದ ಎತ್ತಲಿಲ್ಲ ನೀ. ಭಾಳ ದಿನ ಆತು, ಮರ್ತೀ" ಎಂದರು. ಆಮೇಲೆ ವಾಕರಿಗೆ ಕೈಹಾಕಿ ತಾವೇ ಎದ್ದರು.

ಮಂಚದ ಮೇಲೆ ಕೂರಿಸಿ, ಡಾಕ್ಟರು ಹೇಳಿದಂತೆ ಕಾಲ ನಡುವೆ ದಿಂಬಿಟ್ಟು, ಎರಡೂ ಕಾಲನ್ನು ಮೆಲ್ಲಗೆ ಮೇಲೆ ಎತ್ತಿಕೊಂಡೆ. ಪಕ್ಕದಲ್ಲಿ ಮೊಳಕಾಲೂರಿ ಕೂತು, ಒಂದು ಕೈ ನಡುವಿಗೆ, ಒಂದು ಕೈ ಬೆನ್ನಿಗೆ ಇಟ್ಟೆ. ಅತ್ತೆಯ ಎದೆ ಹೊಡೆದುಕೊಳ್ಳುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. "ಗದ್ದ ಎತ್ತರಿ. ಮ್ಯಾಲೆ ನೋಡ್ರಿ. ಮೂಗಿಲೆ ಉಸರು ಬಿಡ್ರಿ" ಎಂದೆ. ಬೆನ್ನು ತುಸು ವಾಲಿತು. ಕೈ ಮಂಚದ ಅಂಚಿಗೆ ಹೋದವು. ವಾಲುವುದು ಅಲ್ಲಿಗೇ ನಿಂತಿತು. ನಾನು ನೂಕಲಿಲ್ಲ, ಹಿಡಿದುಕೊಂಡೇ ಕೂತೆ. ನನ್ನ ಮೊಳಕಾಲು ಉರಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಒಂದು ಕೈ ಅಂಚು ಬಿಟ್ಟಿತು. ಅಂಗೈಯ ಮೇಲೆ ಭಾರ ಬಂತು. ಒಂದು ಕಾಲಕ್ಕೆ ನನ್ನನ್ನು ಹಿಡಿದಿದ್ದ ಮೈ ಇಷ್ಟೇ ಇಷ್ಟು ಆಗಿದೆಯಲ್ಲ ಎಂದು ನನ್ನ ಕಣ್ಣು ತುಂಬಿತು.

ಅರ್ಧ ದಾರಿಯಲ್ಲಿ, ಛತ್ತು ನೋಡುತ್ತಲೇ ಅತ್ತೆ ಕೇಳಿದರು:

"ಭಾರ ಆದ್ನೇನವಾ ನಿನಗ?"

"ಇಲ್ರಿ ಅತ್ತಿ. ಏನೂ ಆಗಿಲ್ಲ."

"ಹಂಗಾರ ತಡಿ, ಪೂರಾ ಹಾಕ್ತೀನಿ" ಎಂದು ಇನ್ನೊಂದು ಕೈಯನ್ನೂ ಬಿಟ್ಟರು.